ದಾಂಪತ್ಯಕ್ಕೆ ನೆರವಾಗುವ ತಂತ್ರಜ್ಞಾನ ಕನ್ನಡದಲ್ಲೂ ಬರಲಿ

ಮಾನ್ಯರೇ,

ಗಂಡ ಹೆಂಡತಿಯ ನಡುವೆ ಮೊಬೈಲ್ ಬಂದು ಕುಳಿತಿದೆ ಎಂದು ದೂರುವವರೇ ಹೆಚ್ಚು. ಅದೇ ಮೊಬೈಲ್ ಬಿರುಕುಬಿಟ್ಟ ಸಂಸಾರಕ್ಕೆ ನೆರವಾಗಬಲ್ಲದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬ್ರಯಾನ್ ಡಾಸ್ ಮತ್ತು ಆಂಡ್ರ್ಯೂ ಕ್ರಿಸ್ಟೆನ್ಸನ್ ‘ಅವರ್‌ರಿಲೇಷನ್‌ಶಿಪ್’ ಎಂಬ ಆನ್‌ಲೈನ್ ಕಾರ್ಯಕ್ರಮ ರೂಪಿಸಿದ್ದಾರೆ. ಇಬ್ಬರೂ ಮೊದಲು ಬೇರೆ ಬೇರೆಯಾಗಿ ಕುಳಿತು, ತಮ್ಮನ್ನು ನಿಜಕ್ಕೂ ಕಾಡುತ್ತಿರುವ ಸಂಗತಿ ಯಾವುದೆಂದು ಗುರುತಿಸುತ್ತಾರೆ. ಆಮೇಲಷ್ಟೇ ಎದುರುಬದುರು ಮಾತು. ನಡುನಡುವೆ ತರಬೇತಿ ಪಡೆದವರು ಕರೆ ಮಾಡಿ ಕೈಹಿಡಿದು ನಡೆಸುತ್ತಾರೆ. 300 ಜೋಡಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದಾಂಪತ್ಯದ ನೆಮ್ಮದಿ ಹೆಚ್ಚಿದ್ದಷ್ಟೇ ಅಲ್ಲ, ಖಿನ್ನತೆಯೂ ತಗ್ಗಿತ್ತು.

ನಮ್ಮಲ್ಲಿ ಆಪ್ತಸಮಾಲೋಚಕರ ಬಾಗಿಲು ತಟ್ಟಲು ‘ಯಾರಾದರೂ ನೋಡಿದರೆ?’ ಎಂಬ ಅಳುಕು. ಸಣ್ಣ ಊರುಗಳಲ್ಲಂತೂ ತಟ್ಟಲು ಬಾಗಿಲೇ ಇಲ್ಲ. ಜಗಳ ಹಿರಿಯರ ಪಂಚಾಯಿತಿಗೆ ಹೋಗುತ್ತದೆ, ಅಲ್ಲಿ ಹೆಣ್ಣಿಗೆ ಸಿಗುವುದು ‘ಹೊಂದಿಕೊಂಡು ಹೋಗಮ್ಮ’ ಎಂಬ ಒಂದೇ ಉಪದೇಶ. ಬೆಂಗಳೂರಿನ ನಿಮ್ಹಾನ್ಸ್‌ಗೆ ಕುಟುಂಬ ಚಿಕಿತ್ಸೆಯಲ್ಲಿ ದಶಕಗಳ ಅನುಭವವಿದೆ, ತಂತ್ರಜ್ಞರಿಗೂ ಇಲ್ಲಿ ಬರವಿಲ್ಲ. ಅತ್ತೆ–ಮಾವ, ರಾತ್ರಿ ಪಾಳಿ, ಸಾಲ ಎಲ್ಲವನ್ನೂ ಅರಿತ, ಓದುಬರಹ ಬಾರದವರಿಗೂ ಧ್ವನಿಯಲ್ಲಿ ದಕ್ಕುವ ಇಂಥದೊಂದು ಕನ್ನಡ ಕಾರ್ಯಕ್ರಮದ ಸಂಶೋಧನೆಗೆ ಸರ್ಕಾರ ಹಣ ಕೊಡಲಿ. ದಂಪತಿಯ ಮಾತು ಮೂರನೆಯವರ ಕೈಸೇರದಂತೆ ಕಾಯುವ ಹೊಣೆಯನ್ನೂ ಅದೇ ಹೊರಲಿ.

– ಓದುಗ, ಶಿವಮೊಗ್ಗ