ಶೋಕದ ಮನೆಯಲ್ಲಿ ಯುದ್ಧದ ಪ್ರಶ್ನೆ ಬೇಡ

ಮಾನ್ಯ ಸಂಪಾದಕರೇ,

ಭಯೋತ್ಪಾದಕರ ದಾಳಿಯಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬದ ಕಣ್ಣೀರನ್ನು ಯುದ್ಧದ ಸಮರ್ಥನೆಗೆ ಬಳಸುವುದು ತಪ್ಪು. ಶವ ಮನೆಗೆ ಬರುವ ಮುನ್ನವೇ ಮೈಕ್ ಹಿಡಿದು ‘ಸೇಡು ಬೇಕೇ?’ ಎಂದು ಕೇಳಿದರೆ ಯಾರು ತಾನೇ ಬೇಡ ಎಂದಾರು? ಆ ಉತ್ತರ ದುಃಖದ್ದೇ ಹೊರತು ಸಾಕ್ಷ್ಯವಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ಶೋಕವನ್ನು ಮುಂದಿಟ್ಟುಕೊಂಡೇ ಅಮೆರಿಕ 2003ರ ಮಾರ್ಚ್‌ನಲ್ಲಿ ಇರಾಕ್ ಮೇಲೆ ನುಗ್ಗಿತು. ಸೆಪ್ಟೆಂಬರ್ 11ರ ದಾಳಿಯಲ್ಲಿ ಇರಾಕ್ ಅಲ್ ಕೈದಾಕ್ಕೆ ಸಹಕರಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲವೆಂದು 2004ರಲ್ಲಿ ಅಲ್ಲಿನ ತನಿಖಾ ಆಯೋಗವೇ ಹೇಳಿತು. ಹೇಳುವಷ್ಟರಲ್ಲಿ ಯುದ್ಧ ನಡೆದುಹೋಗಿತ್ತು. ಮೃತರ ಬಂಧುಗಳಲ್ಲೇ ಕೆಲವರು 2002ರಲ್ಲೇ ಸಂಘಟನೆ ಕಟ್ಟಿ, ನಮ್ಮ ದುಃಖವನ್ನು ಯುದ್ಧಕ್ಕೆ ಬಳಸಬೇಡಿ ಎಂದಿದ್ದರು. ಅಂಥ ದನಿ ಕ್ಯಾಮೆರಾ ಮುಂದೆ ಬರುವುದು ಅಪರೂಪ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಹತರಾದರು. ಅವರಲ್ಲಿ ಕನ್ನಡಿಗರೂ ಇದ್ದರು. ಇಂಥ ಹೊತ್ತಿನಲ್ಲಿ ಬಳ್ಳಾರಿಯ ರಾಯಲ್ ವೃತ್ತದಂಥ ಕಡೆ ಬ್ಯಾನರ್ ಕಟ್ಟುವವರು (ಮೃತರಿಗಿಂತ ಮುಖಂಡರ ಫೋಟೊ ದೊಡ್ಡದಿರುತ್ತದೆ, ಇರಲಿ) ಕುಟುಂಬದ ಲಿಖಿತ ಒಪ್ಪಿಗೆ ಪಡೆಯಲಿ. ಪಾಲಿಕೆ ಅದನ್ನು ನೋಡಿಯೇ ಅನುಮತಿ ಕೊಡಲಿ. ವೈಯಕ್ತಿಕ ಶೋಕದ ಕ್ಷಣಗಳಿಗೆ ಕ್ಯಾಮೆರಾ ನುಗ್ಗಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿಯೇ ಹೇಳುತ್ತದೆ.

ಪತ್ರಿಕೆಗಳು ‘ಯುದ್ಧ ಬೇಕೇ’ ಎಂಬ ಪ್ರಶ್ನೆ ಬಿಟ್ಟು, ಮೃತರ ಕುಟುಂಬಕ್ಕೆ ಕೇಂದ್ರ ಯೋಜನೆಯಡಿ ಸಿಗುವ 5 ಲಕ್ಷ ರೂಪಾಯಿ ನೆರವು, ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ರ ಮಾಹಿತಿಯನ್ನು ಅದೇ ಪುಟದಲ್ಲಿ ಅಚ್ಚು ಹಾಕಲಿ.

– ಓದುಗ, ಬಳ್ಳಾರಿ