ಅಣೆಕಟ್ಟೆ ಒಡೆದರೆ ಬರುವುದು ಬರೀ ನೀರಲ್ಲ

ಮಾನ್ಯ ಸಂಪಾದಕರೇ,

ಜಲಾಶಯದಲ್ಲಿ ಹೂಳು ತುಂಬಿದೆ ಎಂದಾಗಲೆಲ್ಲ ನಮ್ಮ ಮಾತು ನಷ್ಟವಾದ ನೀರಿನ ಸುತ್ತಲೇ. ಪ್ರವಾಹ ನಕ್ಷೆ ತಯಾರಿಸುವುದರಲ್ಲೇ ನೌಕರಿ ಸವೆಸಿದ ನನ್ನ ಚಿಂತೆ ಬೇರೆ.

ಅಣೆಕಟ್ಟೆ ಒಡೆದರೆ ಎಲ್ಲಿಯವರೆಗೆ ಮುಳುಗಡೆ ಎಂಬ ಲೆಕ್ಕವನ್ನು ನಾವು ತಿಳಿನೀರು ಹರಿಯುತ್ತದೆ ಎಂದೇ ಹಾಕುತ್ತಿದ್ದೆವು. "ಸರ್, ಅರ್ಧ ಜಲಾಶಯ ಮಣ್ಣೇ ಇದೆಯಲ್ಲ, ಅದೆಲ್ಲಿಗೆ ಹೋಗುತ್ತೆ?" ಎಂದು ಕಿರಿಯ ಸಹೋದ್ಯೋಗಿಯೊಬ್ಬಳು ಕೇಳಿದಳು. "ಅಲ್ಲೇ ಕೂತಿರುತ್ತೆ" ಅಂದುಬಿಟ್ಟೆ. ತಪ್ಪು ಉತ್ತರ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಂಡಿಟ್ ಅಣೆಕಟ್ಟೆಯ ಬುಡವನ್ನು 2011ರಲ್ಲಿ ಬೇಕೆಂದೇ ಸ್ಫೋಟಿಸಿದಾಗ ಎರಡು ಗಂಟೆಯೊಳಗೆ ಜಲಾಶಯ ಬರಿದಾಯಿತು. ನೀರಿನ ಜೊತೆ ದಶಕಗಳ ಹೂಳೂ ಕುಸಿದು ಹೊರಟಿತು. ಒಂದು ಘನ ಮೀಟರ್ ನೀರಿನ ತೂಕ 1000 ಕೆ.ಜಿ. ಗಾತ್ರದಲ್ಲಿ ಅರ್ಧಕ್ಕರ್ಧ ಹೂಳಿನ ಕಣ ಬೆರೆತರೆ ಅದೇ ಸುಮಾರು 1800 ಕೆ.ಜಿ. ಸೇತುವೆಯ ಕಂಬಕ್ಕೆ ಬೀಳುವ ಹೊಡೆತವೇ ಬೇರೆ. ಮಂದ ಕೆಸರು ನಿಧಾನವಾಗಿ ಸಾಗಬಹುದು, ಆದರೆ ಮಟ್ಟ ಏರಿಸುತ್ತದೆ, ನದಿಪಾತ್ರವನ್ನೇ ತುಂಬಿಬಿಡುತ್ತದೆ. ಮುಂದಿನ ಸಾಮಾನ್ಯ ಮಳೆಗೂ ದಡ ಮುಳುಗುತ್ತದೆ.

ಎಲ್ಲ ಹೂಳೂ ಹೀಗಲ್ಲ, ನಿಜ. ಗಟ್ಟಿಗೊಂಡ ಹಳೆಯ ಜೇಡಿ ಜಗ್ಗದೆ ನಿಂತೀತು. ಅದಕ್ಕೇ ತಳದ ಹೊಸ ಅಳತೆ, ಮಣ್ಣಿನ ಮಾದರಿ ಬೇಕು. ತಂತ್ರಾಂಶದ ಕೊರತೆಯಿಲ್ಲ, ಪ್ರವಾಹದ ಲೆಕ್ಕಕ್ಕೆ ಬಳಸುವ ಹೆಕ್-ರಾಸ್‌ನಲ್ಲೇ ಕೆಸರಿನ ಹರಿವಿನ ಲೆಕ್ಕಕ್ಕೆ ಅವಕಾಶವಿದೆ. ಪ್ರತಿ ಮುಳುಗಡೆ ನಕ್ಷೆಯ ಮೂಲೆಯಲ್ಲಿ, ಜಲಾಶಯದ ತಳವನ್ನು ಯಾವ ವರ್ಷ ಅಳೆದದ್ದು, ಹೂಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂಬುದನ್ನು ಮೊದಲು ಮುದ್ರಿಸಲಿ.

– ನಿವೃತ್ತ ಎಂಜಿನಿಯರ್