ಹಾರದಿಂದ ಉದುರಿದ ಒಂದು ಒಂಬತ್ತು

ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುರವಣಿಯಲ್ಲಿ ‘ಕ್ಯಾಲ್ಕುಲೇಟರ್ ಚಮತ್ಕಾರ’ ಎಂದು 2794681 × 441 ಎಂಬ ಲೆಕ್ಕ ಕೊಟ್ಟು, ಉತ್ತರ ಹೂವಿನ ಹಾರದಂತೆ ಏರಿ ಇಳಿಯುತ್ತದೆ ಎಂದು ಬರೆದಿದ್ದಿರಿ. ನನ್ನ ಮೊಮ್ಮಗಳು ಮಾಡಿ ನೋಡಿದಳು. ಬಂದದ್ದು 1232454321. ‘ಅಜ್ಜ, ಹಾರ ಮೂರಕ್ಕೆ ಏರಿ ಎರಡಕ್ಕೆ ಜಾರಿತು’ ಎಂದು ಕಾಗದ ತಂದು ನನ್ನ ಮುಂದೆ ಹಿಡಿದಳು.

ನಾನು ಸೇಡಂನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆದು ಮೂವತ್ತೆರಡು ವರ್ಷ ಕಳೆದವನು. ಅಂಕಿಗಳನ್ನು ಕೂಡಿ ಒಂಬತ್ತುಗಳನ್ನು ಬಿಟ್ಟು ತಾಳೆ ನೋಡುವುದು ಕೈಗೆ ಅಂಟಿದ ಅಭ್ಯಾಸ. ಹಾಗೆ ನೋಡಿದರೆ ಎಲ್ಲವೂ ಸರಿ! ತಪ್ಪು ಸಿಗಲಿಲ್ಲ. ಆಮೇಲೆ ಹನ್ನೊಂದರ ಪರೀಕ್ಷೆ ಹಿಡಿದೆ. ನೀವು ಹೇಳಿದ ಹಾರ 12345654321 ಆಗಿರಬೇಕು. ಅದರಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿದರೆ ಎರಡು ಕಡೆಯೂ 18. ಅಂದರೆ ಹನ್ನೊಂದರಿಂದ ಭಾಗವಾಗುತ್ತದೆ. 441 ಹಾಗಾಗುವುದಿಲ್ಲ, ಆದ್ದರಿಂದ ಇನ್ನೊಂದು ಸಂಖ್ಯೆ ಆಗಲೇಬೇಕು. ನೀವು ಅಚ್ಚು ಹಾಕಿದ್ದರಲ್ಲಿ ಒಂದು ಕಡೆ 18, ಇನ್ನೊಂದು ಕಡೆ 19. ಸರಿಯಾದ ಸಂಖ್ಯೆ 27994681. ಎರಡು ಒಂಬತ್ತುಗಳಲ್ಲಿ ಒಂದು ಅಚ್ಚಿನ ಮನೆಯಲ್ಲಿ ಉದುರಿದೆ. ಒಂಬತ್ತನ್ನೇ ಬಿಟ್ಟು ನೋಡುವ ಪರೀಕ್ಷೆಗೆ ಒಂಬತ್ತು ಕಳೆದದ್ದು ಹೇಗೆ ಗೊತ್ತಾಗಬೇಕು? ಉತ್ತರದಲ್ಲಿ ಕಡಿಮೆಯಾದದ್ದು ಬರೋಬ್ಬರಿ 1,111 ಕೋಟಿ 32 ಲಕ್ಷ. ನನ್ನ ಖಾತೆ ಪುಸ್ತಕದಲ್ಲಿ ಹೀಗಾಗಿದ್ದರೆ ಸಾಹುಕಾರರು ಅಂದೇ ಮನೆಗೆ ಕಳಿಸುತ್ತಿದ್ದರು.

ಅಚ್ಚಿನ ತಪ್ಪು ಯಾರಿಗೂ ಆಗುತ್ತದೆ, ಬಿಡಿ. ಆದರೆ ಇದನ್ನು ಕ್ಯಾಲ್ಕುಲೇಟರಿನ ಚಮತ್ಕಾರ ಎಂದದ್ದು ನನಗೆ ಸಹಿಸಲಿಲ್ಲ. ಈ ಲೆಕ್ಕ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿದೆ. ಒಂಬತ್ತನೆಯ ಶತಮಾನದ ಸಂಸ್ಕೃತ ಗ್ರಂಥ ಅದು. ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿ ಇದೆ. ಆ ದೊರೆಯ ರಾಜಧಾನಿ ಮಳಖೇಡ, ನಾನು ಕಲಬುರಗಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಕಾಣುವ ಊರು. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದೇ ಆಚಾರ್ಯ ಇದನ್ನು ಬಣ್ಣಿಸಿದ್ದಾನೆ.

ಒಳಗುಟ್ಟು ಇನ್ನೂ ಚೆಂದ. ಆ ಹಾರ 111111ರ ವರ್ಗ. 111111 ಎಂದರೆ 21 × 5291. 21ರ ವರ್ಗ 441, 5291ರ ವರ್ಗ 27994681. ಒಂದು ವರ್ಗವನ್ನು ಎರಡು ವರ್ಗಗಳಾಗಿ ಬಿಡಿಸಿ, ಪೋಣಿಸುವ ಕೆಲಸವನ್ನು ಓದುಗನಿಗೆ ಬಿಟ್ಟಿದ್ದಾನೆ. ಮೊಮ್ಮಗಳಿಗೆ ಇದನ್ನು ಹೇಳಿದಾಗ ಮೊಬೈಲ್ ಬದಿಗಿಟ್ಟು ಪೆನ್ಸಿಲ್ ಹಿಡಿದಳು.

ಬರುವ ಭಾನುವಾರ ತಿದ್ದುಪಡಿ ಹಾಕಿ, ಆಚಾರ್ಯನ ಹೆಸರನ್ನೂ ಹಾಕಿ. ಜೊತೆಗೆ ಅದೇ ಗ್ರಂಥದ 152207 × 73 ಕೊಡಿ. ಉತ್ತರ ಇಲ್ಲಿ ಹೇಳುವುದಿಲ್ಲ, ಮಕ್ಕಳು ಕೈಯಲ್ಲೇ ಮಾಡಲಿ. ಅಚ್ಚಿಗೆ ಕಳಿಸುವ ಮೊದಲು ಆರು ಅಂಕಿಗಳೂ ಇವೆಯೇ ಎಂದು ಮಾತ್ರ ಎಣಿಸಿಕೊಳ್ಳಿ.

— ಒಬ್ಬ ನಿವೃತ್ತ ಗುಮಾಸ್ತ, ಸೇಡಂ